ಅವರ ಹಬ್ಬದ ಮನೆಯಲ್ಲಿ ನನ್ನ ಮುಸಲ್ಲಾ



ಡಿಸೆಂಬರ್ ತಿಂಗಳು ಬಂತೆಂದರೆ ನಾನು ಪಾಠ ಹೇಳುವ ಸ್ತ್ರೀಯರ ತರಗತಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಆಪಾ, ಪಕ್ಕದ ಮನೆಯವರು ಕ್ರಿಸ್ಮಸ್ಸಿಗೆ ಕರೆದಿದ್ದಾರೆ. ಹೋಗಬಹುದೇ? ಹೋದರೆ ಏನು ತಿನ್ನಬಹುದು? ಅವರಿಗೆ ಏನು ಹೇಳಬೇಕು?" ಮದ್ರಸದಲ್ಲಿ ಓದಿದವಳಾದ್ದರಿಂದ ಈ ಪ್ರಶ್ನೆಗಳಿಗೆ ಪುಸ್ತಕದಲ್ಲಿರುವ ಉತ್ತರ ನನಗೆ ಗೊತ್ತು. ಆದರೆ ಅದನ್ನು ಹೇಳುವ ಮೊದಲು ನಾನು 2008ರ ಡಿಸೆಂಬರಿನ ಒಂದು ವಾರದ ಬಗ್ಗೆ ಹೇಳುತ್ತೇನೆ. ಆ ವರ್ಷ ನಾನು ಕ್ರಿಸ್ಮಸ್ಸಿಗೆ ಹೋಗಿ, ಒಂದು ತುಂಡು ಕೇಕ್ ತಿಂದು ಬಂದವಳಲ್ಲ. ಒಂದು ಕ್ರೈಸ್ತ ಕುಟುಂಬದ ಹಬ್ಬದ ಮನೆಯಲ್ಲೇ ಅತಿಥಿಯಾಗಿ ಉಳಿದಿದ್ದೆ. ಇಂದು ಆ ಅನುಭವವನ್ನು ನಿಮ್ಮ ಮುಂದೆಯೂ ಇಡುತ್ತಿದ್ದೇನೆ.

ನನ್ನ ತವರು ಕಣಕುಂಬಿ. ಖಾನಾಪುರ ತಾಲೂಕಿನ ಪಶ್ಚಿಮದ ಅಂಚಿನಲ್ಲಿ, ಗೋವಾದ ಗಡಿಗೆ ಹತ್ತಿರವಿರುವ ಮಳೆನಾಡಿನ ಊರು. ಮಲಪ್ರಭಾ ನದಿ ಹುಟ್ಟುವುದು ಇಲ್ಲಿಯೇ, ಮಾವುಲಿ ದೇವಿಯ ಗುಡಿಯ ಬಳಿ. ನಮ್ಮ ಊರಿನ ಒಂದು ಬದಿಗೆ ಬಿದ್ದ ಮಳೆ ಮಲಪ್ರಭೆಯಾಗಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಪೂರ್ವದ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಬದಿಗೆ ಬಿದ್ದ ಮಳೆ ಮಹದಾಯಿಗೆ ಸೇರಿ, ಗೋವಾದಲ್ಲಿ ಮಾಂಡವಿ ಎನಿಸಿಕೊಂಡು ಪಶ್ಚಿಮದ ಸಮುದ್ರಕ್ಕೆ ಹೋಗುತ್ತದೆ. ಈ ನೀರಿನ ವಿಷಯದಲ್ಲಿ ಎರಡು ರಾಜ್ಯಗಳು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದವು; 2018ರಲ್ಲಿ ತೀರ್ಪು ಬಂದ ಮೇಲೂ ವಿವಾದ ಮುಗಿಯಲಿಲ್ಲ. ಆದರೆ ಬೆಳಗಾವಿಯ ತರಕಾರಿ, ಹಾಲು ಮಾತ್ರ ಘಟ್ಟ ಇಳಿದು ಗೋವಾದ ಅಡುಗೆ ಮನೆಗಳಿಗೆ ಹೋಗುತ್ತಲೇ ಇವೆ.

ನನ್ನ ಬಾಲ್ಯದಲ್ಲಿ ನಾನಾ ಹೇಳುತ್ತಿದ್ದರು: "ಬೇಟಿ, ನಮ್ಮ ಕಾಲದಲ್ಲಿ ಚೋರ್ಲಾ ದಾಟಿದರೆ ಪರದೇಶ." ಅದು ಉತ್ಪ್ರೇಕ್ಷೆಯ ಮಾತಾಗಿರಲಿಲ್ಲ. 1961ರವರೆಗೆ ಗೋವಾ ಪೋರ್ಚುಗೀಜರ ಆಳ್ವಿಕೆಯಲ್ಲಿತ್ತು. ನಮ್ಮ ಊರಿನವರು ಉಪ್ಪು, ತೆಂಗು ತರಲು ಇಳಿದು ಹೋಗುತ್ತಿದ್ದುದು ಬೇರೆ ಸರಕಾರದ, ಬೇರೆ ನಾಣ್ಯದ ನಾಡಿಗೆ. 1955ರಲ್ಲಿ ಗೋವಾ ವಿಮೋಚನೆಯ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಬಳಿಕ ಗಡಿಯೇ ಮುಚ್ಚಿತು. 1961ರ ಡಿಸೆಂಬರ್ 19ರಂದು ಗೋವಾ ಭಾರತಕ್ಕೆ ಸೇರಿತು. ಅದಾಗಿ ಆರನೆಯ ದಿನಕ್ಕೆ ಕ್ರಿಸ್ಮಸ್. "ಅಲ್ಲಿಯವರಿಗೆ ತಮ್ಮ ಹಬ್ಬ ಯಾವ ದೇಶದಲ್ಲಿ ಮಾಡುತ್ತಿದ್ದೇವೆ ಎಂದು ತಿಳಿಯುವ ಮೊದಲೇ ಹಬ್ಬ ಬಂದಿತ್ತು" ಎಂದು ನಾನಾ ನಗುತ್ತಿದ್ದರು.

ನಮಗೆ ಕ್ರೈಸ್ತರು ಹೊಸಬರಲ್ಲ. ಗೋವಾದಿಂದ ಘಟ್ಟ ಹತ್ತಿ ಬಂದ ಕೊಂಕಣಿ ಮಾತಿನ ಕ್ರೈಸ್ತರು ಖಾನಾಪುರ ತಾಲೂಕಿನಲ್ಲಿಯೂ ಬೆಳಗಾವಿಯಲ್ಲಿಯೂ ಬಹಳ ಹಿಂದಿನಿಂದ ಇದ್ದಾರೆ. ಆದರೆ ಬೀದಿಯಲ್ಲಿ, ಸಂತೆಯಲ್ಲಿ, ಶಾಲೆಯಲ್ಲಿ ಒಟ್ಟಿಗಿರುವುದು ಒಂದು. ಅವರ ಮನೆಯ ಚಾಪೆಯ ಮೇಲೆ ಮಲಗುವುದು ಇನ್ನೊಂದು. ಮದುವೆಯಾಗಿ ಬೆಳಗಾವಿಗೆ ಬಂದು ವರ್ಷಗಳಾಗಿದ್ದರೂ ಆ ಎರಡನೆಯದು ನನಗೆ ಗೊತ್ತಿರಲಿಲ್ಲ.

ನನ್ನ ಯಜಮಾನರು ಆಗ ಬೆಳಗಾವಿಯಿಂದ ಗೋವಾಕ್ಕೆ ಟೆಂಪೊದಲ್ಲಿ ತರಕಾರಿ ಸಾಗಿಸುತ್ತಿದ್ದರು. ರಾತ್ರಿ ಎರಡು ಗಂಟೆಗೆ ಹೊರಟು, ಜಾಂಬೋಟಿ, ಕಣಕುಂಬಿ ದಾಟಿ, ಚೋರ್ಲಾ ಘಟ್ಟ ಇಳಿದು, ಬೆಳಕು ಹರಿಯುವ ಮೊದಲು ಅಂಗಡಿಗಳಿಗೆ ಮಾಲು ಹಾಕಿ ಬರುವ ಕೆಲಸ. 2008ರ ಡಿಸೆಂಬರ್ 20ರ ನಸುಕಿನಲ್ಲಿ ಘಟ್ಟದಲ್ಲಿ ದಟ್ಟ ಮಂಜು. ಒಂದು ತಿರುವಿನಲ್ಲಿ ಗಾಡಿ ಮಗುಚಿತು. ಎಲೆಕೋಸಿನ ಚೀಲಗಳ ನಡುವೆ ಸಿಕ್ಕಿದ್ದ ಅವರನ್ನು ಹಿಂದಿನಿಂದ ಬಂದ ಹಾಲಿನ ಗಾಡಿಯವರು ಎತ್ತಿ ಕೆಳಗೆ ಸಾಗಿಸಿದರು. ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಅಂದೇ ಅವರನ್ನು ಪಣಜಿಯ ಹತ್ತಿರದ ಬಾಂಬೋಳಿಯಲ್ಲಿರುವ ಗೋವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಸೇರಿಸಿದರು. ಸುದ್ದಿ ತಿಳಿದ ಕೂಡಲೇ ಐದು ವರ್ಷದ ಮಗಳನ್ನು ಕರೆದುಕೊಂಡು, ಮೈದುನನ ಜೊತೆ ನಾನು ಬಸ್ಸು ಹತ್ತಿದೆ.

ಅದು ಎಂತಹ ಡಿಸೆಂಬರ್ ಎಂಬುದನ್ನು ನೀವು ನೆನಪಿಸಿಕೊಳ್ಳಬೇಕು. ಮುಂಬಯಿಯ ಮೇಲೆ ನವೆಂಬರ್ 26ರ ಭಯೋತ್ಪಾದಕ ದಾಳಿ ನಡೆದು ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. ಅಮಾಯಕರನ್ನು ಕೊಂದವರ ಕೃತ್ಯಕ್ಕೆ ಇಡೀ ದೇಶ ಮರುಗುತ್ತಿತ್ತು, ನಮ್ಮ ಮನೆಗಳೂ ಮರುಗುತ್ತಿದ್ದವು. ಆದರೆ ಬುರ್ಖಾ ತೊಟ್ಟು ಬಸ್ಸು ಹತ್ತಿದಾಗ ಸುತ್ತಲಿನ ಕಣ್ಣುಗಳು ಕೇಳುವ ಪ್ರಶ್ನೆ ಬೇರೆಯಾಗಿರುತ್ತಿತ್ತು. ಗಡಿಯಲ್ಲಿ ತಪಾಸಣೆ, ಪೇಟೆಯಲ್ಲಿ ತಪಾಸಣೆ. ಅದರ ಮೇಲೆ ಪ್ರವಾಸಿಗಳು ತುಂಬಿ ತುಳುಕುವ ಕ್ರಿಸ್ಮಸ್ ವಾರ.

ಪುರುಷರ ವಾರ್ಡಿನಲ್ಲಿ ರಾತ್ರಿ ಮೈದುನ ಉಳಿಯುವುದೆಂದಾಯಿತು. ನನಗೂ ಮಗಳಿಗೂ ಒಂದು ಕೋಣೆ ಬೇಕಿತ್ತು. ಒಂದು ಲಾಡ್ಜಿನಲ್ಲಿ ಕೋಣೆ ಇದೆ ಎಂದವರು ಹೆಸರು ಕೇಳಿದ ಮೇಲೆ ಇಲ್ಲ ಎಂದರು. ಇನ್ನೊಂದರಲ್ಲಿ ಹೆಸರು ಕೇಳುವ ಅಗತ್ಯವೂ ಬೀಳಲಿಲ್ಲ. ಮೂರನೆಯದರಲ್ಲಿ ನಿಜವಾಗಿಯೂ ಕೋಣೆ ಇರಲಿಲ್ಲ. ಆ ಮನುಷ್ಯ ಮಗುವಿಗೆ ನೀರು ಕೊಟ್ಟು ಬೇಸರದಿಂದಲೇ ಹೇಳಿದ. ಆ ರಾತ್ರಿಯನ್ನು ನಾವಿಬ್ಬರೂ ಆಸ್ಪತ್ರೆಯ ಪಡಸಾಲೆಯಲ್ಲಿ ಕಳೆದೆವು.

ಮರುದಿನ ಭಾನುವಾರ ಮಧ್ಯಾಹ್ನ, ಮಂಡಿಯ ಕೆಳಗಿನವರೆಗೆ ಬರುವ ಫ್ರಾಕ್ ತೊಟ್ಟ, ಅರವತ್ತು ದಾಟಿದ ಮಹಿಳೆಯೊಬ್ಬರು ಸ್ಟೀಲಿನ ಡಬ್ಬಿಯಲ್ಲಿ ಬಿಸಿ ಗಂಜಿ ಹಿಡಿದು ವಾರ್ಡಿಗೆ ಬಂದರು. ಗೋವಾದವರು ಅದಕ್ಕೆ ಪೇಜ್ ಎನ್ನುತ್ತಾರೆ. ಬಾಂಬೋಳಿಯ ಗುಡ್ಡದ ಕೆಳಗೆ ಸಾಂತಾಕ್ರೂಜ್ ಎಂಬ ಊರಿದೆ. ಅಲ್ಲಿಯ ಒಂದು ಅಂಗಡಿಗೆ ಯಜಮಾನರು ತರಕಾರಿ ಹಾಕುತ್ತಿದ್ದರು. ಈ ಆಂಟಿ ಆ ಅಂಗಡಿಯ ಗಿರಾಕಿ. ತರಕಾರಿ ಬರದಿದ್ದುದಕ್ಕೆ ಕಾರಣ ಕೇಳಿ, ವಿಷಯ ತಿಳಿದು ನೇರವಾಗಿ ಬಂದಿದ್ದರು. ಯಜಮಾನರ ತಲೆ ಸವರಿದರು. ನನ್ನ ಮಗಳ ಕೆದರಿದ ಕೂದಲು ನೋಡಿದರು. "ರಾತ್ರಿ ಎಲ್ಲಿ ಮಲಗಿದ್ದಿರಿ?" ಎಂದರು. ನಾನು ಹೇಳಿದೆ. ಅವರು ಹೆಚ್ಚು ಮಾತಾಡಲಿಲ್ಲ. "ಚಲ್ ಬಾಯ್, ಮನೆಗೆ" ಎಂದು ನನ್ನ ಚೀಲ ಎತ್ತಿಕೊಂಡರು.

ನಾನು ಹಿಂಜರಿದೆ. ಸುಳ್ಳೇಕೆ ಹೇಳಲಿ? ಅಪರಿಚಿತರ ಮನೆ. ಅದೂ ಹಬ್ಬದ ಮನೆ. ನಮಾಝ್ ಹೇಗೆ, ಊಟ ಹೇಗೆ, ಗಂಡಸರು ಎಷ್ಟು ಜನ? ಬೆಳಗಾವಿಗೆ ಫೋನ್ ಮಾಡಿದರೆ ಅತ್ತೆಯವರು, "ಕ್ರಿಶ್ಚಿಯನ್ನರ ಮನೆಯಲ್ಲಾ? ಅದೂ ಕ್ರಿಸ್ಮಸ್ಸಿಗಾ? ಜನ ಏನೆಂದಾರು?" ಎಂದರು. ಯಜಮಾನರು ಮಾತ್ರ ಮಲಗಿದಲ್ಲಿಂದಲೇ, "ನಾನು ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ಒಮ್ಮೆಯೂ ತೂಕಕ್ಕೆ ಜಗಳವಾಡಿದವರಲ್ಲ. ಹೋಗು" ಎಂದರು.

ಆಂಟಿಯ ಮನೆಗೆ ಕಾಲಿಟ್ಟಾಗ ಮೊದಲು ಕಂಡದ್ದು ಬಾಗಿಲಿನ ಮೇಲೆ ತೂಗಾಡುತ್ತಿದ್ದ ಕಾಗದದ ದೊಡ್ಡ ನಕ್ಷತ್ರ. ಪಡಸಾಲೆಯ ಮೂಲೆಯಲ್ಲಿ ಹುಲ್ಲು, ಮಣ್ಣು, ಸಣ್ಣ ಬೊಂಬೆಗಳಿಂದ ಈಸಾ(ಅ)ರ ಜನನದ ದೃಶ್ಯವನ್ನು ಕಟ್ಟುತ್ತಿದ್ದ ಮೊಮ್ಮಗ. ಮನೆಯಲ್ಲಿ ಆಂಟಿ, ಹಡಗಿನಲ್ಲಿ ದುಡಿದು ನಿವೃತ್ತರಾದ ಅಂಕಲ್, ಕುವೈತ್‌ನಿಂದ ರಜೆಗೆ ಬಂದಿದ್ದ ಮಗ, ಸೊಸೆ, ಮೊಮ್ಮಗ, ಮತ್ತು ಹಾಸಿಗೆ ಹಿಡಿದ ತೊಂಬತ್ತರ ಆಸುಪಾಸಿನ ಅತ್ತೆ. ಅವರನ್ನು ಎಲ್ಲರೂ ಮಾಯ್ ಎನ್ನುತ್ತಿದ್ದರು. ಇಷ್ಟು ಜನರಿದ್ದ ಮನೆಯಲ್ಲಿ ಆಂಟಿ ತಮ್ಮ ಕೋಣೆಯನ್ನು ನನಗೆ ಬಿಟ್ಟುಕೊಟ್ಟು, ತಾವು ಮಾಯ್‌ಯ ಮಂಚದ ಪಕ್ಕದಲ್ಲಿ ಚಾಪೆ ಹಾಸಿಕೊಂಡರು.

ಕೋಣೆಯ ಬಾಗಿಲಲ್ಲಿ ನಿಂತು ಅವರು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. "ಕಿಬ್ಲಾ ಆ ಕಿಟಕಿಯ ಕಡೆ, ಸಮುದ್ರದ ದಿಕ್ಕಿಗೆ. ಈ ಗೋಡೆಯ ಮೇಲೆ ನಮ್ಮ ಪಟ ಇದೆ. ನಿನಗೆ ತೊಂದರೆಯಾದರೆ ತೆಗೆದಿಡುತ್ತೇನೆ."

ನಾನು ಬೆರಗಾದೆ. ಪಟ ಪೂರ್ವದ ಗೋಡೆಯ ಮೇಲಿತ್ತು. "ಬೇಡ ಆಂಟಿ, ಇದು ನಿಮ್ಮ ಮನೆ. ನಾನು ಕಿಟಕಿಗೆ ಮುಖ ಮಾಡಿ ನಮಾಝ್ ಮಾಡುತ್ತೇನೆ" ಎಂದೆ. ಅವರು ಪೆಟ್ಟಿಗೆಯಿಂದ ಒಗೆದು ಮಡಚಿಟ್ಟ ಬಿಳಿಯ ಬಟ್ಟೆಯೊಂದನ್ನು ತೆಗೆದುಕೊಟ್ಟರು. ಏಳು ರಾತ್ರಿ ಅದೇ ನನ್ನ ಮುಸಲ್ಲಾ ಆಯಿತು.

ಕಿಬ್ಲಾ ಎಂಬ ಪದ ಇವರಿಗೆ ಹೇಗೆ ಗೊತ್ತು? ಆ ರಾತ್ರಿ ಕರಿಗಡುಬಿನಂತಹ ನೆವ್ರಿಗೆ ಕಾಯಿ-ರವೆಯ ಹೂರಣ ತುಂಬುತ್ತಾ ಅವರು ತಮ್ಮ ಕಥೆ ಹೇಳಿದರು. ಕೊಂಕಣಿ, ಮರಾಠಿ, ಹಿಂದಿ ಮೂರನ್ನೂ ಬೆರೆಸಿದ ನಮ್ಮಿಬ್ಬರ ಮಾತು ಚೆನ್ನಾಗಿಯೇ ಸಾಗಿತು.

ಆಂಟಿ 1980ರ ದಶಕದಲ್ಲಿ ಕುವೈತ್‌ನ ಒಂದು ಅರಬ್ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ ಆಗಿದ್ದರು. ಗೋವಾದ ಸಾವಿರಾರು ಕ್ರೈಸ್ತರು ದುಡಿಯಲು ಹೋದ ದೇಶವದು. ಮೊದಲ ವರ್ಷದ ಡಿಸೆಂಬರಿನಲ್ಲಿ ಅವರು ಅಡುಗೆ ಮನೆಯಲ್ಲಿ ನಿಂತು ಅಳುತ್ತಿದ್ದರಂತೆ. ಕ್ರಿಸ್ಮಸ್ಸಿಗೆ ಅಲ್ಲಿ ರಜೆಯಿಲ್ಲ. ಊರಿನಲ್ಲಿ ಬಿಟ್ಟುಬಂದ ಮಗನಿಗೆ ಆಗ ಏಳು ವರ್ಷ. ಮನೆಯ ಯಜಮಾನತಿ ಬಂದು ಕಾರಣ ಕೇಳಿದಳು. ಮರುಮಾತಾಡದೆ ಚಾಲಕನನ್ನು ಕರೆದು, ಇವರನ್ನು ಕುವೈತ್ ನಗರದ ಹೋಲಿ ಫ್ಯಾಮಿಲಿ ಚರ್ಚಿಗೆ ಬಿಟ್ಟು, ಪೂಜೆ ಮುಗಿಯುವವರೆಗೆ ಹೊರಗೆ ಕಾದು ಕರೆತರಬೇಕೆಂದಳು. ಹಿಂದಿರುಗಿದಾಗ ಮಕ್ಕಳಿಗೆ ತಾನೇ ಊಟ ಬಡಿಸುತ್ತಿದ್ದಳು. ಇವರಿಗಾಗಿ ಒಂದು ತಟ್ಟೆಯಲ್ಲಿ ಖರ್ಜೂರದ ಸಿಹಿ ಮುಚ್ಚಿಟ್ಟಿತ್ತು. "ಹಬ್ಬದ ಶುಭಾಶಯ ಅಂತ ಅವಳು ಹೇಳಲಿಲ್ಲ ಬಾಯ್. ಅವಳ ಧರ್ಮದಲ್ಲಿ ಹೇಗೋ ನನಗೆ ಗೊತ್ತಿಲ್ಲ. ಆದರೆ ನನ್ನ ಹಬ್ಬವನ್ನು ನನಗೆ ಉಳಿಸಿಕೊಟ್ಟಳು" ಎಂದರು ಆಂಟಿ.

ರಮಝಾನಿನಲ್ಲಿ ಆ ಯಜಮಾನತಿ, "ನೀನು ಉಪವಾಸ ಮಾಡಬೇಕಿಲ್ಲ, ಅಡುಗೆ ಮನೆ ನಿನ್ನದು, ಹಸಿದಿರಬೇಡ" ಎನ್ನುತ್ತಿದ್ದಳಂತೆ. ಆಂಟಿಯೂ ಮಕ್ಕಳಿಗೆ ವುಝೂ ಮಾಡಿಸಿ ನಮಾಝಿನ ಸಮಯ ನೆನಪಿಸುತ್ತಿದ್ದರು. ಕಿಬ್ಲಾ ಎಂಬ ಪದ ಕಲಿತದ್ದು ಹಾಗೆ.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತ್‌ಗೆ ನುಗ್ಗಿತು. ಆ ಕುಟುಂಬ ಎಲ್ಲಿಗೋ ಹೊರಟಿತು. ಹೊರಡುವ ಮೊದಲು ಯಜಮಾನತಿ ಆಂಟಿಯ ಪಾಸ್‌ಪೋರ್ಟನ್ನು, ಬಾಕಿ ಸಂಬಳವನ್ನು, ಮನೆಯಲ್ಲಿದ್ದ ಹಿಟ್ಟು ಸಕ್ಕರೆಯನ್ನು ಕೈಗಿತ್ತಳು. ಆಂಟಿ ಇತರ ಭಾರತೀಯರ ಜೊತೆ ಬಸ್ಸಿನಲ್ಲಿ ಇರಾಕ್ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿದರು. ಅಲ್ಲಿಂದ ಆ ದಿನಗಳಲ್ಲಿ ಏರ್ ಇಂಡಿಯಾದ ಸುಮಾರು 500 ಹಾರಾಟಗಳು ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಊರಿಗೆ ತಂದವು. ಆಂಟಿ ಅವರಲ್ಲೊಬ್ಬರು. ಮುಂದೆ ಎಷ್ಟು ವಿಚಾರಿಸಿದರೂ ಆ ಮನೆಯವರ ಸುಳಿವು ಸಿಗಲಿಲ್ಲ. "ಯಾರಿಗೆ ಋಣ ತೀರಿಸಲಿ? ನಿನ್ನ ಗಂಡನ ಹೆಸರು ಕೇಳಿದಾಗ ಅವಳ ನೆನಪಾಯಿತು" ಎಂದರು.

ಸಹೋದರಿಯರೇ, ನಾನು ಆಗ ಸುಮ್ಮನೆ ಹಿಟ್ಟು ಲಟ್ಟಿಸುತ್ತಾ ಕುಳಿತೆ. ನನಗೆ ಆ ರಾತ್ರಿ ಮಲಗಲು ಸಿಕ್ಕ ಮಂಚವನ್ನು ಇಪ್ಪತ್ತು ವರ್ಷಗಳ ಹಿಂದೆ, ಸಮುದ್ರದಾಚೆ, ನಾನು ಕಾಣದ ಮುಸ್ಲಿಮ್ ಸಹೋದರಿಯೊಬ್ಬಳು ಹಾಸಿಟ್ಟಿದ್ದಳು.

ಈಗ ಊಟದ ಪ್ರಶ್ನೆಗೆ ಬರೋಣ. ಗ್ರಂಥದವರ ಆಹಾರದ ಬಗ್ಗೆ ಸೂರಃ ಅಲ್‌ಮಾಇದದಲ್ಲಿ ಅನುಮತಿಯಿದೆ. ಹಂದಿಗೂ ಮದ್ಯಕ್ಕೂ ಆ ಅನುಮತಿಯಿಲ್ಲ. ಮಾಂಸದ ವಿಷಯದಲ್ಲಿ ವಿದ್ವಾಂಸರು ಹೇಳಿರುವ ನಿಬಂಧನೆಗಳಿವೆ. ಇದನ್ನು ನಾನು ತರಗತಿಯಲ್ಲಿ ಹಲವು ಬಾರಿ ಹೇಳಿದ್ದೆ. ಆದರೆ ಗೋವಾದ ಕ್ರಿಸ್ಮಸ್ ಅಡುಗೆಯಲ್ಲಿ ಹಂದಿಯ ಸೊರ್ಪೊತೆಲ್ ಮುಖ್ಯ. ಸನ್ನಾ ಉಬ್ಬಲು ಸೇಂದಿ ಬೆರೆಸುವ ರೂಢಿಯಿದೆ. ಕೇಕಿನ ಒಣಹಣ್ಣನ್ನು ರಮ್‌ನಲ್ಲಿ ನೆನೆಸುತ್ತಾರೆ. ಇದನ್ನೆಲ್ಲ ನಾನು ಒಂದೊಂದಾಗಿ ಕೇಳಬೇಕೇ, ಕೇಳಿದರೆ ಅವರಿಗೆ ನೋವಾಗುವುದಿಲ್ಲವೇ ಎಂಬುದು ನನ್ನ ಚಿಂತೆ.

ಕೇಳುವ ಪ್ರಸಂಗವೇ ಬರಲಿಲ್ಲ. ಮರುದಿನ ಬೆಳಿಗ್ಗೆ ಆಂಟಿ ಹೊಸ ಬಾಣಲೆ, ಹೊಸ ಸೌಟು ತಂದಿಟ್ಟು, "ಇವು ನಿನ್ನವು. ಈ ಒಲೆಯೂ ನಿನ್ನದು" ಎಂದರು. ಸಿಹಿಗಳನ್ನೆಲ್ಲ ಹೊಸ ಎಣ್ಣೆಯಲ್ಲಿ ಮೊದಲು ಕರಿದು, ಆಮೇಲೆ ಬೇರೆ ಅಡುಗೆಗೆ ಕೈಹಾಕಿದರು. ಅಕ್ಕಿಹಿಟ್ಟು, ತೆಂಗಿನ ಹಾಲು, ಕಪ್ಪು ಬೆಲ್ಲದ ದೋದೊಲ್. ಮೊಟ್ಟೆ, ತೆಂಗಿನ ಹಾಲಿನಿಂದ ಪದರ ಪದರವಾಗಿ ಬೇಯಿಸುವ ಬೆಬಿಂಕಾ. ಬಾಚಣಿಗೆಯ ಮೇಲೆ ಸುರುಳಿ ಸುತ್ತಿ ಕರಿಯುವ ಕುಲ್‌ಕುಲ್. ಕೇಕನ್ನು ತೋರಿಸಿ, "ಇದು ನಿನಗಲ್ಲ, ಮಗುವಿಗೂ ಅಲ್ಲ" ಎಂದು ಎತ್ತಿ ಮೇಲಿಟ್ಟರು. ಮಗಳಿಗಾಗಿ ರಮ್ ಇಲ್ಲದ ಸಣ್ಣ ಕೇಕೊಂದು ಬೇರೆಯಾಗಿ ಬೆಂದಿತು. ನಮಗೆ ಇಡೀ ವಾರ ಮೀನಿನ ಸಾರು, ಅನ್ನ. ಮೀನಿಗೆ ಝಬೀಹಾದ ಪ್ರಶ್ನೆಯೇ ಇಲ್ಲವಲ್ಲ!

ಗಂಡಸರ ನಡತೆಯ ಬಗ್ಗೆಯೂ ಹೇಳಬೇಕು. ಅಂಕಲ್ ಹಿತ್ತಲಿನಿಂದ ಒಳಗೆ ಬರುವಾಗ ಪ್ರತಿ ಸಲ ಕೆಮ್ಮಿ ಬರುತ್ತಿದ್ದರು. ನಾವು ಊಟಕ್ಕೆ ಕೂರುವ ಮೇಜಿನ ಮೇಲೆ ಬಾಟಲಿ ಇಡಬಾರದೆಂದು ಮಗನಿಗೆ ಅವರೇ ಹೇಳಿದ್ದನ್ನು ನಾನು ಒಳಗಿನಿಂದ ಕೇಳಿಸಿಕೊಂಡೆ. ಇದನ್ನು ಯಾರೂ ಉಪಕಾರವೆಂಬಂತೆ ಮಾಡಲಿಲ್ಲ.

ನನ್ನ ಮಗಳು ಗೋದಲಿಯ ಮುಂದೆ ಕುಳಿತು, "ಅಮ್ಮಿ, ಈಸಾ ಅಲೈಹಿಸ್ಸಲಾಮ್ ಚಿಕ್ಕವರಿದ್ದಾಗ ಹೀಗಿದ್ದರಾ?" ಎಂದು ಕೇಳಿದಳು. "ನಾವು ಪ್ರವಾದಿಗಳ ಬೊಂಬೆ ಮಾಡುವುದಿಲ್ಲ ಮಗಳೇ, ಇವರು ಮಾಡುತ್ತಾರೆ. ಇದು ಇವರಿಗೆ ಪ್ರೀತಿಯದ್ದು. ಮುಟ್ಟಿ ಕೆಡಿಸಬೇಡ" ಎಂದೆ. ಐದು ವರ್ಷದ ಮಗುವಿಗೆ ಅಷ್ಟು ಸಾಕಾಯಿತು. ಅವಳು ಹುಲ್ಲು ಹಾಸುವುದರಲ್ಲಿ ಆ ಹುಡುಗನಿಗೆ ನೆರವಾದಳು. ಬೊಂಬೆಗಳನ್ನು ಅವನೇ ಇಟ್ಟ.

ಡಿಸೆಂಬರ್ 24ರ ರಾತ್ರಿ. ಅಮಾವಾಸ್ಯೆ ಹತ್ತಿರವಾಗಿದ್ದರಿಂದ ಕಗ್ಗತ್ತಲು. ಊರಿನ ಮನೆಮನೆಯ ನಕ್ಷತ್ರಗಳು ಮಾತ್ರ ಬೆಳಗುತ್ತಿದ್ದವು. ನಡುರಾತ್ರಿಯ ಪೂಜೆಗೆ ಎಲ್ಲರೂ ಹೊಸ ಬಟ್ಟೆ ತೊಟ್ಟು ಸಿದ್ಧರಾದರು. ಆಂಟಿ ಮಾತ್ರ ಮನೆಯ ಬಟ್ಟೆಯಲ್ಲೇ ಇದ್ದರು. ಮಾಯ್ ಹಾಸಿಗೆ ಹಿಡಿದ ಮೇಲೆ ಮೂರು ವರ್ಷಗಳಿಂದ ಅವರು ಆ ರಾತ್ರಿ ಚರ್ಚಿಗೆ ಹೋಗಿರಲಿಲ್ಲ. "ಆಂಟಿ, ನಾನಿದ್ದೇನಲ್ಲ. ನೀವು ಹೋಗಿ ಬನ್ನಿ. ಮಾಯ್‌ಯನ್ನು ನಾನು ನೋಡಿಕೊಳ್ಳುತ್ತೇನೆ" ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ನಂತರ ಒಳಗೆ ಹೋಗಿ ನೀಲಿ ಫ್ರಾಕ್ ತೊಟ್ಟು ಬಂದರು. ಮನೆಯ ಕೀಲಿಗೊಂಚಲನ್ನು ನನ್ನ ಕೈಯಲ್ಲಿಟ್ಟರು. ಕೇವಲ ನಾಲ್ಕು ದಿನಗಳ ಹಿಂದೆ ಒಂದು ಕೋಣೆಯ ಕೀಲಿ ಕೂಡ ಸಿಗದವಳ ಕೈಯಲ್ಲಿ ಒಂದು ಇಡೀ ಮನೆಯ ಕೀಲಿ!

ನಾನು ಇಶಾ ನಮಾಝ್ ಮುಗಿಸಿ ಮಾಯ್‌ಯ ಪಕ್ಕದಲ್ಲಿ ಕುಳಿತೆ. ದೂರದಲ್ಲಿ ಗಂಟೆ ಬಾರಿಸಿತು. ಮಾಯ್ ಕಣ್ಣು ತೆರೆದು, ನಾನು ಯಾರೆಂದು ಗುರುತಿಸದೆ, ಈ ರಾತ್ರಿ ಮರಿಯಮ್ಮನವರ ಪ್ರಾರ್ಥನೆ ಹೇಳು ಎಂದು ಕೊಂಕಣಿಯಲ್ಲಿ ಕೇಳಿದರು. ಅವರ ಪ್ರಾರ್ಥನೆ ನನಗೆ ಬಾರದು, ಬಂದರೂ ನಾನು ಹೇಳುವಂತಿರಲಿಲ್ಲ. "ಮಾಯ್, ನಾನು ಮುಸಲ್ಮಾನಳು. ನಮ್ಮ ಗ್ರಂಥದಲ್ಲಿಯೂ ಮರ್ಯಮ್‌ರ ಹೆಸರಿನ ಒಂದು ಅಧ್ಯಾಯವಿದೆ. ಅದನ್ನು ಓದಲೇ?" ಎಂದೆ. ಅವರು ತಲೆಯಾಡಿಸಿದರು.

ಮದ್ರಸದಲ್ಲಿ ಕಂಠಪಾಠ ಮಾಡಿದ್ದ ಸೂರಃ ಮರ್ಯಮ್‌ನ ಆರಂಭದ ಭಾಗವನ್ನು ಮೆಲುದನಿಯಲ್ಲಿ ಓದಿದೆ. ಆಮೇಲೆ ಅದರ ಅರ್ಥವನ್ನು ನನಗೆ ಬಂದಂತೆ ಮರಾಠಿ, ಕೊಂಕಣಿಯಲ್ಲಿ ಹೇಳಿದೆ. ಪವಿತ್ರ ಕುರ್‌ಆನ್‌ನಲ್ಲಿ ಹೆಸರು ಹಿಡಿದು ಕರೆದ ಏಕೈಕ ಮಹಿಳೆ ಅವರು. ಮರ್ಯಮ್(ಅ) ಒಂಟಿಯಾಗಿ ದೂರದ ಜಾಗಕ್ಕೆ ಹೋದದ್ದು, ಹೆರಿಗೆ ನೋವು ಅವರನ್ನು ಖರ್ಜೂರದ ಮರದ ಬುಡಕ್ಕೆ ತಂದದ್ದು, ನೋವಿನಲ್ಲಿ ಅವರು ತಾನು ಇಲ್ಲವಾಗಿದ್ದರೆ ಚೆನ್ನಾಗಿತ್ತು ಎಂದು ಹಂಬಲಿಸಿದ್ದು, ಕಾಲ ಕೆಳಗೆ ತೊರೆ ಹರಿದದ್ದು, ಮರ ಅಲುಗಿಸಿದಾಗ ಹಣ್ಣು ಉದುರಿದ್ದು, ಜನರ ಚುಚ್ಚುಮಾತಿಗೆ ತೊಟ್ಟಿಲ ಕೂಸು ಉತ್ತರಿಸಿದ್ದು.

"ಖರ್ಜೂರದ ಮರವೇ? ನಮ್ಮಲ್ಲಿ ದನದ ಕೊಟ್ಟಿಗೆ" ಎಂದರು ಮಾಯ್. "ಹೌದು ಮಾಯ್, ನಮ್ಮಲ್ಲಿ ಮರ" ಎಂದೆ. ಅವರು ಬಹಳ ಹೊತ್ತು ಯೋಚಿಸಿ, "ಪಾಪ, ಒಬ್ಬಳೇ ಇದ್ದಳೇ?" ಎಂದರು. ಐದಾರು ಮಕ್ಕಳನ್ನು ಹೆತ್ತಿದ್ದ ಆ ಮುದುಕಿಗೆ ಮೊದಲು ಹೊಳೆದದ್ದು ಅದು. ಈಸಾ(ಅ)ರನ್ನು ಅವರು ದೇವಪುತ್ರನೆನ್ನುತ್ತಾರೆ. ನಾವು ಅಲ್ಲಾಹನ ದಾಸ ಮತ್ತು ಪ್ರವಾದಿ ಎನ್ನುತ್ತೇವೆ. ಆ ಅಂತರ ಸಣ್ಣದಲ್ಲ. ಅದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣಲಿಲ್ಲ, ಅಂದು ರಾತ್ರಿ ಅದರ ಬಗ್ಗೆ ವಾದಿಸುವ ಅಗತ್ಯವೂ ಕಾಣಲಿಲ್ಲ. ಮಾಯ್ ನನ್ನ ಕೈ ಹಿಡಿದೇ ನಿದ್ರಿಸಿದರು.

ಆಗ ನನಗೆ ಹಬಶದ ಘಟನೆ ನೆನಪಾಯಿತು. ಕ್ರಿ.ಶ. 615ರ ಸುಮಾರಿಗೆ ಮಕ್ಕಾದಲ್ಲಿ ಹಿಂಸೆ ತಾಳಲಾರದೆ ಮುಸ್ಲಿಮರ ಒಂದು ಸಣ್ಣ ತಂಡ ಸಮುದ್ರ ದಾಟಿ ಕ್ರೈಸ್ತ ರಾಜ ನಜಾಶಿಯ ನಾಡಿಗೆ ಹೋಯಿತು. ಪ್ರವಾದಿವರ್ಯರ(ಸ) ಮಗಳು ರುಖಯ್ಯಾ(ರ) ಆ ತಂಡದಲ್ಲಿದ್ದರು. ವಲಸಿಗರನ್ನು ಮರಳಿ ಒಪ್ಪಿಸಬೇಕೆಂದು ಕುರೈಶರು ಕಾಣಿಕೆಗಳೊಡನೆ ದೂತರನ್ನು ಕಳಿಸಿದಾಗ, ರಾಜನ ಆಸ್ಥಾನದಲ್ಲಿ ಜಅಫರ್ ಬಿನ್ ಅಬೀ ತಾಲಿಬ್(ರ) ಓದಿದ್ದು ಇದೇ ಸೂರಃ ಮರ್ಯಮ್. ರಾಜ ಅತ್ತನು, ಕಾಣಿಕೆಗಳನ್ನು ಹಿಂದಿರುಗಿಸಿದನು, ಅತಿಥಿಗಳನ್ನು ಒಪ್ಪಿಸಲಿಲ್ಲ. ಈ ವೃತ್ತಾಂತವನ್ನು ನಮಗೆ ತಲುಪಿಸಿದವರು ಒಬ್ಬ ಮಹಿಳೆ, ಆ ವಲಸೆಯಲ್ಲಿದ್ದ ಉಮ್ಮು ಸಲಮಾ(ರ). ಇಸ್ಲಾಮಿನ ಇತಿಹಾಸದ ಮೊದಲ ಆಶ್ರಯ ಒಂದು ಕ್ರೈಸ್ತ ನಾಡಿನಲ್ಲಿ ಸಿಕ್ಕಿತೆಂಬುದನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಅತಿಥಿಯಾಗಿದ್ದವರಿಗೆ ಆತಿಥ್ಯದ ಹೊಣೆಯೂ ಬರುತ್ತದೆ ಎಂಬುದನ್ನು ಅಷ್ಟು ಒತ್ತಿ ಹೇಳುವುದಿಲ್ಲ.

ಡಿಸೆಂಬರ್ 28ರಂದು ಯಜಮಾನರನ್ನು ಮನೆಗೆ ಕಳಿಸಿದರು. ಆಂಟಿ ಹಬ್ಬದಲ್ಲಿ ನೆರೆಹೊರೆಗೆ ಹಂಚುವ ಸಿಹಿಯ ತಟ್ಟೆಯನ್ನು ಕಟ್ಟಿಕೊಟ್ಟರು. ಅದಕ್ಕೆ ಅವರು ಕುಸ್ವಾದ್ ಎನ್ನುತ್ತಾರೆ. ಬೆಳಗಾವಿಯಲ್ಲಿ ಅತ್ತೆಯವರು ಆ ತಟ್ಟೆಯನ್ನು ಎರಡು ದಿನ ದೂರದಿಂದಲೇ ನೋಡಿದರು. ಮೂರನೆಯ ದಿನ ಒಂದು ನೆವ್ರಿ ಮುರಿದು ಬಾಯಿಗೆ ಹಾಕಿ, "ಇದು ನಮ್ಮ ಕರ್ಚಿಕಾಯಿಯೇ ಅಲ್ಲವೇ?" ಎಂದರು. ನಾನು ನಕ್ಕೆ. ಆ ತಟ್ಟೆಯನ್ನು ಖಾಲಿಯಾಗಿ ಹಿಂದಿರುಗಿಸಬಾರದೆಂದು ಹೇಳಿದವರೂ ಅವರೇ.

2009ರ ಸೆಪ್ಟೆಂಬರ್ 21ರಂದು ಈದುಲ್ ಫಿತ್ರ್. ಆಂಟಿಯನ್ನು ಕರೆದೆವು. ಅವರು ಹಿಂದಿನ ದಿನವೇ ಬಂದರು. ಅದು ಭಾನುವಾರ. ಅವರು ಬಾಯಿ ಬಿಡುವ ಮೊದಲೇ ಅತ್ತೆಯವರು ಯಜಮಾನರನ್ನು ಕರೆದು, "ಇವರಿಗೆ ಇವತ್ತು ಪೂಜೆಯ ದಿನ. ಕ್ಯಾಂಪಿನ ಚರ್ಚಿನಲ್ಲಿ ಸಂಜೆ ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡು ಬಾ, ರಿಕ್ಷಾ ಹೇಳು" ಎಂದರು. ನಾನು ಅತ್ತೆಯವರ ಮುಖವನ್ನೇ ನೋಡಿದೆ. ಒಂಬತ್ತು ತಿಂಗಳ ಹಿಂದೆ ಜನ ಏನೆಂದಾರು ಎಂದು ಕೇಳಿದವರು ಅವರೇ. ಆ ಸಂಜೆ ನಾವು ಇಫ್ತಾರಿಗೆ ಕಾಯುತ್ತಿದ್ದಾಗ ಆಂಟಿ ಚರ್ಚಿನಿಂದ ಮರಳಿ ಬಂದು, ನಮ್ಮ ಜೊತೆ ಚಾಪೆಯ ಮೇಲೆ ಕುಳಿತು ಅಝಾನ್‌ಗಾಗಿ ಕಾದರು.

ಈಗ ನಿಮ್ಮೊಡನೆ ಎರಡು ಮಾತು. ಆಂಟಿಗೆ ಕುವೈತ್‌ನಲ್ಲಿ ಸಿಕ್ಕಂತಹ ಮನೆ ಎಲ್ಲರಿಗೂ ಸಿಗುವುದಿಲ್ಲ. ಗಲ್ಫ್ ದೇಶಗಳಲ್ಲಿ ಮನೆಗೆಲಸಕ್ಕೆ ಹೋದ ಎಷ್ಟೋ ಹೆಣ್ಣುಮಕ್ಕಳ ಪಾಸ್‌ಪೋರ್ಟನ್ನು ಕಸಿದಿಟ್ಟುಕೊಂಡ, ಸಂಬಳ ತಡೆಹಿಡಿದ ಕಥೆಗಳು ನಮ್ಮ ಕಿವಿಗೂ ಬಿದ್ದಿವೆ. ಆ ಮನೆಗಳಲ್ಲಿಯೂ ನಮಾಝ್ ನಡೆಯುತ್ತದೆ ಎಂಬುದು ನೋವಿನ ಸತ್ಯ. ಒಂದು ಮನೆಯ ಹೆಂಗಸಿನ ಒಳ್ಳೆಯತನ ಇಪ್ಪತ್ತು ವರ್ಷಗಳ ಬಳಿಕ ನನಗೆ ಮಂಚವಾಯಿತು. ಇನ್ನೊಂದು ಮನೆಯ ಕ್ರೌರ್ಯ ಯಾರಿಗೆ ಮುಚ್ಚಿದ ಬಾಗಿಲಾಗಿ ಎದುರಾಗುತ್ತದೋ ಯಾರು ಬಲ್ಲರು?

ನಮ್ಮ ಮನೆಗಳನ್ನೇ ನೋಡಿಕೊಳ್ಳೋಣ. ಪಾತ್ರೆ ತೊಳೆಯಲು ಬರುವ ತಂಗಿಗೆ ನಾಗಪಂಚಮಿಯಂದೋ ಕ್ರಿಸ್ಮಸ್ಸಿನಂದೋ ಅವಳು ಬೇಡುವ ಮೊದಲೇ ರಜೆ ಕೊಟ್ಟಿದ್ದೇವೆಯೇ? ನಮ್ಮ ಈದ್‌ಗೆ ಬಂದ ಗೆಳತಿ ಮಾಂಸ ತಿನ್ನದವಳಾದರೆ ಅವಳಿಗೆ ಬೇರೆ ಪಾತ್ರೆ, ಬೇರೆ ಸೌಟು ಇಟ್ಟಿದ್ದೇವೆಯೇ? ಅಥವಾ "ಇಷ್ಟು ತಿಂದರೆ ಏನ್ರೀ ಆಗುತ್ತೆ?" ಎಂದು ಒತ್ತಾಯಿಸಿ, ಅದನ್ನೇ ಪ್ರೀತಿಯೆಂದುಕೊಂಡಿದ್ದೇವೆಯೇ? ಅತಿಥಿಯನ್ನು ಗೌರವಿಸುವುದು ವಿಶ್ವಾಸದ ಭಾಗವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅತಿಥಿಯ ಹೊಟ್ಟೆ ತುಂಬಿಸುವುದು ಅದರಲ್ಲಿ ಸುಲಭದ ಭಾಗ. ಅವಳು ಬರುವಾಗ ತಂದ ವಿಶ್ವಾಸ, ಅವಳು ಹೋಗುವಾಗಲೂ ಅವಳ ಬಳಿ ನೋವಿಲ್ಲದೆ ಇರುವಂತೆ ನೋಡಿಕೊಳ್ಳುವುದು ಕಷ್ಟದ ಭಾಗ.

ಕ್ರಿಸ್ಮಸ್ಸಿನ ಬೆಳಿಗ್ಗೆ ಏನು ಹೇಳಿದಿರಿ ಎಂದು ತರಗತಿಯಲ್ಲಿ ಕೇಳುತ್ತಾರೆ. ಶುಭಾಶಯದ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ನಾನು ಆಂಟಿಯ ಎರಡೂ ಕೈ ಹಿಡಿದು, "ಅಲ್ಲಾಹನು ಈ ಮನೆಯನ್ನು ಸುಖವಾಗಿಡಲಿ, ನಿಮ್ಮ ಉಪಕಾರಕ್ಕೆ ಉತ್ತಮ ಪ್ರತಿಫಲ ಕೊಡಲಿ" ಎಂದೆ. ಅವರು "ಆಮೆನ್" ಎಂದರು, ನಾನು "ಆಮೀನ್" ಎಂದೆ.

ಮುಂದಿನ ಹಬ್ಬಕ್ಕೆ ನಿಮ್ಮ ಮನೆಗೆ ಬೇರೆ ಧರ್ಮದ ಸಹೋದರಿ ಬಂದರೆ, ಅವಳು ಕೇಳುವ ಮೊದಲೇ ಅವಳ ಅಗತ್ಯವನ್ನು ಅರಿತುಕೊಳ್ಳಿ. ಅಡುಗೆ ಮನೆಯಲ್ಲಿ ಒಂದು ಹೊಸ ಬಾಣಲೆ ಇರಲಿ.